ಬೊಂಗ್‌ಯೊ ಎಳೆದ ಪರದೆಗಳು

ಬೊಂಗ್‌ಯೊ ಅಂದರೆ ನಮ್ಮ ಕಡೆಯ ಮಾತಿನಲ್ಲಿ ‘ಆಯ್ತು, ಹೇಗೋ ಸಾಕೋಣ’ ಅಂತ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದೂ ಹೆಣ್ಣಾದಾಗ ಅವಳಪ್ಪ ಇಟ್ಟ ಹೆಸರು. ಆ ಕಾಲದಲ್ಲಿ ಪ್ರತಿ ಊರಲ್ಲೂ ಒಬ್ಬಿಬ್ಬರು ಬೊಂಗ್‌ಯೊಗಳು ಇದ್ದೇ ಇರುತ್ತಿದ್ದರು, ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಕಾರ್ಖಾನೆಯಲ್ಲಿ ನಾವು ಕಿರಿಯರೆಲ್ಲ ಅವಳನ್ನು ಯೊ ಅಕ್ಕ ಅನ್ನುತ್ತಿದ್ದೆವು.

ನಾನು ಬಣ್ಣದ ವಿಭಾಗಕ್ಕೆ ಸೇರಿದಾಗ ಯೊ ಅಕ್ಕ ಪ್ಯಾಕಿಂಗ್‌ನಲ್ಲಿದ್ದಳು. ತೈಪೇಯ ದಕ್ಷಿಣಕ್ಕೆ, ದಾಜ್ಯಾ ಪಟ್ಟಣದಿಂದ ಹೌಲಿಗೆ ಹೋಗುವ ರಸ್ತೆಯಲ್ಲಿ, ಬತ್ತದ ಗದ್ದೆಗಳ ನಡುವೆ ಇತ್ತು ನಮ್ಮ ಕಾರ್ಖಾನೆ. ಸೈಕಲ್ಲಿನ ಫ್ರೇಮು ಬಿಟ್ಟು ಬೇರೇನನ್ನೂ ಅಲ್ಲಿ ಮಾಡುತ್ತಿರಲಿಲ್ಲ. ಮೊದಮೊದಲು ಅಮೆರಿಕದ ದೊಡ್ಡಂಗಡಿಗಳಿಗೆ ಹೋಗುವ ಅಗ್ಗದ ಮಾಲು. ಆಮೇಲೆ ನಮ್ಮ ಬೆಸುಗೆಯವರ ಕೈ ಎಷ್ಟು ಪಳಗಿತೆಂದರೆ, ದೊಡ್ಡ ಹೆಸರಿನ ಕಂಪನಿಗಳೇ ಒಂದೊಂದಾಗಿ ಹುಡುಕಿಕೊಂಡು ಬಂದವು. ಇಟಲಿಯದೊಂದು, ಜರ್ಮನಿಯದೊಂದು, ಅಮೆರಿಕದ್ದೊಂದು. ಅವರವರ ಊರಲ್ಲಿ ತಾತನ ಕಾಲದಿಂದ ಸ್ವಂತ ಕೈಯಲ್ಲಿ ಫ್ರೇಮು ಮಾಡುತ್ತಿದ್ದವರು ಅಂತ ಹೆಸರಾದ ಕಂಪನಿಗಳು. ಜಾಹೀರಾತಿನಲ್ಲಿ ಆಗಲೂ ಹಾಗೇ ಬರೆಯುತ್ತಿದ್ದರು.

ಇಟಲಿಯ ಫ್ರೇಮುಗಳಿಗೆ ನಾವು ಬಣ್ಣ ಬಳಿಯುತ್ತಿರಲಿಲ್ಲ. ಅವು ಬರಿ ಮೈಯಲ್ಲೇ ಪೆಟ್ಟಿಗೆ ಸೇರಿ ಹಡಗು ಹತ್ತುತ್ತಿದ್ದವು. ಅಲ್ಲಿ ಬಣ್ಣ ಹಚ್ಚಿ, ಹೆಸರಿನ ಸ್ಟಿಕ್ಕರು ಅಂಟಿಸಿದರೆ ಅವು ಇಟಲಿಯವಾಗುತ್ತಿದ್ದವು. ಉಳಿದವಕ್ಕೆ ನಾವೇ ಬಳಿದು, ನಾವೇ ಅಂಟಿಸುತ್ತಿದ್ದೆವು. ಕೊಳವೆ ಒಂದೇ, ಬೆಸುಗೆಯ ಕೈ ಒಂದೇ, ಉಜ್ಜುವ ಹುಡುಗಿಯರೂ ಅವರೇ. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಬೆಳಿಗ್ಗೆ ಜರ್ಮನಿ, ಊಟದ ಮೇಲೆ ಇಟಲಿ, ಅಷ್ಟೇ.

ಪರದೆಯ ಕತೆ ಶುರುವಾದದ್ದು ಒಂದು ಮಾರ್ಚ್ ತಿಂಗಳಲ್ಲಿ. ತೈಪೇಯಲ್ಲಿ ಸೈಕಲ್ ಮೇಳ ಮುಗಿಸಿಕೊಂಡು ಇಟಲಿಯವನು ಹೇಳದೆ ಕೇಳದೆ ಒಂದು ದಿನ ಮುಂಚೆಯೇ ಬಂದುಬಿಟ್ಟ. ಅವನ ಮೂಗು ಉದ್ದ, ಹಾಗಾಗಿ ನಮಗೆಲ್ಲ ಅವನು ಮೂಗಪ್ಪ. ಅವನ ಫ್ರೇಮುಗಳ ತಳ್ಳುಗಾಡಿಯ ಪಕ್ಕದಲ್ಲೇ ಜರ್ಮನಿಯವರ ಗಾಡಿ ನಿಂತಿತ್ತು. ಹೆಸರು ಅಂಟಿಸಿದ, ಮಿರಿಮಿರಿ ಮಿಂಚುವ ಫ್ರೇಮುಗಳು. ಮೂಗಪ್ಪ ಸುಮ್ಮನೆ ನಿಂತು ನೋಡಿದ. ಮುಖ ಕೆಂಪಾಯಿತು. ಆಮೇಲೆ ಯಜಮಾನ ಚೋ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಗಾಜಿನ ಆಚೆ ಕೈಬೀಸುವುದಷ್ಟೇ ನಮಗೆ ಕಾಣುತ್ತಿತ್ತು.

ಅವನು ಹೋದ ಮೇಲೆ ಯಜಮಾನರು ನೇರ ಪ್ಯಾಕಿಂಗ್ ವಿಭಾಗಕ್ಕೆ ಬಂದರು.

“ಯೊ, ನಿನಗೆ ಹೊಲಿಗೆ ಬರುತ್ತಲ್ಲ?”

“ಚಾಪೆ ಹೆಣೆಯೋದು ಬರುತ್ತೆ. ಹೊಲಿಗೆ ಅಷ್ಟಕ್ಕಷ್ಟೆ,” ಅಂದಳು ಅವಳು. ಅವಳ ತಾಯಿ ದಾಜ್ಯಾದ ಹುಲ್ಲಿನ ಚಾಪೆ ಹೆಣೆದೇ ಮಕ್ಕಳನ್ನು ಸಾಕಿದವಳು.

“ಅಷ್ಟು ಸಾಕು. ಗಾಡಿಗಳಿಗೆಲ್ಲ ಮುಸುಕು ಹೊಲಿ. ಒಬ್ಬರು ಬಂದರೆ ಇನ್ನೊಬ್ಬರದ್ದು ಕಾಣಬಾರದು. ಇವತ್ತಿಂದ ನಿನಗೆ ಅದೇ ಕೆಲಸ.”

ಹೀಗೆ ಯೊ ಅಕ್ಕ ಪರದೆಯವಳಾದಳು. ಇಟಲಿಗೆ ಕೆಂಪು ಬಟ್ಟೆ, ಜರ್ಮನಿಗೆ ಬೂದು, ಅಮೆರಿಕಕ್ಕೆ ನೀಲಿ. ಕೇಳಿದರೆ ಹಗುರ ಕೆಲಸ ಅನಿಸುತ್ತದೆ. ಆದರೆ ಮುಸುಕೆಂದರೆ ಲಾರಿಗೆ ಹೊದಿಸುವ ದಪ್ಪ ಬಟ್ಟೆ, ನೆನೆದರಂತೂ ಎತ್ತಲಾಗದು. ಗಾಡಿಗಳನ್ನು ತಳ್ಳಿ ತಳ್ಳಿ ಜಾಗ ಬದಲಿಸಬೇಕು. ಸ್ಟಿಕ್ಕರಿನ ಡಬ್ಬಗಳನ್ನು ಬಚ್ಚಿಡಬೇಕು. ಅಮೆರಿಕದವರು ಕೊಟ್ಟ ಗೋಡೆ ಕ್ಯಾಲೆಂಡರನ್ನು ತಿರುಗಿಸಿ ಹಾಕಬೇಕು, ಜರ್ಮನಿಯವರ ಹೆಸರಿದ್ದ ಕಾಫಿ ಲೋಟಗಳನ್ನು ಅಡುಗೆಮನೆಗೆ ಸಾಗಿಸಬೇಕು. ಬಂದವರು ಹೋದ ಮೇಲೆ ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಬೇಕು. ಮೇಳದ ವಾರದಲ್ಲಂತೂ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು.

“ಯೊ ಅಕ್ಕಾ, ಇವತ್ತು ಯಾರ ಮದುವೆ, ಯಾರಿಗೆ ಮುಸುಕು?” ಅಂತ ಹುಡುಗಿಯರು ಕೆಣಕುತ್ತಿದ್ದರು.

“ನಿನ್ನ ಬಾಯಿಗೂ ಒಂದು ಹೊಲಿದಿಟ್ಟಿದೀನಿ, ಬಾ,” ಅನ್ನುತ್ತಿದ್ದಳು.

ಅವಳ ಗಂಡ ತೆಕ್ ಬೆಸುಗೆಯವನು. ಆ ವಿಭಾಗದಲ್ಲಿ ಅವನೇ ಹಿರಿಯ. ಮಾತು ಕಮ್ಮಿ, ಬಾಯಲ್ಲಿ ಸದಾ ಎಲೆಯಡಿಕೆ. ಅವನ ಬೆಸುಗೆಯ ಗೆರೆ ಹೆಣೆದ ಜಡೆಯ ಹಾಗೆ ಒಂದೇ ಸಮ ಇರುತ್ತಿತ್ತು. ಕಂಪನಿಯವರು ಬಂದಾಗೆಲ್ಲ ತಮ್ಮ ಹೆಸರು ಅಚ್ಚಾದ ಬನಿಯನ್ ಪುಕ್ಕಟೆ ಹಂಚುತ್ತಿದ್ದರು, ತೆಕ್ ಅವನ್ನು ಬಿಟ್ಟು ಬೇರೆ ಬಟ್ಟೆ ಕೊಂಡದ್ದೇ ಇಲ್ಲ. ಒಮ್ಮೆ ಅಮೆರಿಕದ ಕರೋಲಮ್ಮ ಬರುವ ದಿನ ಅವನು ಜರ್ಮನಿಯವರ ಬನಿಯನ್ ಹಾಕಿಕೊಂಡು ಬಂದಿದ್ದ.

“ಬಿಚ್ಚು ಅದನ್ನ,” ಅಂದಳು ಯೊ ಅಕ್ಕ, ಎಲ್ಲರೆದುರಿಗೇ.

“ಇಷ್ಟು ಜನರ ಮುಂದೆ ಬಿಚ್ಚು ಅಂತೀಯಲ್ಲೇ. ಮನೇಲಿ ಯಾವತ್ತೂ ಹೇಳಿದೋಳಲ್ಲ.”

ಬೆಸುಗೆ ವಿಭಾಗವೆಲ್ಲ ನಕ್ಕಿತು. ಅವಳು ನಗಲಿಲ್ಲ. ಅವನೇ ಬನಿಯನ್ ತಿರುಗಿಸಿ ಹಾಕಿಕೊಂಡ. ಇಡೀ ದಿನ ಹೊಲಿಗೆ ಹೊರಗೆ ಕಾಣುವ ಹಾಗೆ ಕೂತು ಕರೋಲಮ್ಮನ ಫ್ರೇಮು ಬೆಸೆದ. ಕರೋಲಮ್ಮ ಅವನ ಹಿಂದೆಯೇ ನಿಂತು ನೋಡಿ, ಬೆನ್ನು ತಟ್ಟಿ ಹೋದಳು.

ಆಗೆಲ್ಲ ಅವರಿಬ್ಬರೂ ಒಂದೇ ಸ್ಕೂಟರಿನಲ್ಲಿ ಬಂದು ಒಂದೇ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಮನೆಯಲ್ಲಿ ಅತ್ತೆ, ಓದುತ್ತಿದ್ದ ಒಬ್ಬನೇ ಮಗ ಯೌರೆನ್. ಸುಖ ಅಂತ ಅವಳು ಯಾವತ್ತೂ ಹೇಳಿದ್ದಿಲ್ಲ, ಕಷ್ಟ ಅಂತಲೂ ಹೇಳಿದ್ದಿಲ್ಲ. ಸಂಜೆ ಕಾರ್ಖಾನೆ ಬಿಡುವಾಗ ಅವಳ ಕಣ್ಣರೆಪ್ಪೆಯ ಮೇಲೆ ಧೂಳು ಕೂತಿರುತ್ತಿತ್ತು. ಗಂಡನ ಬೆನ್ನಿಗೆ ಕೆನ್ನೆಯೊರಗಿಸಿ, ಸ್ಕೂಟರು ಗೇಟು ದಾಟುವ ಮೊದಲೇ ಕಣ್ಣು ಮುಚ್ಚುತ್ತಿದ್ದಳು.

ಐದಾರು ವರ್ಷ ಹೀಗೆ ಕಳೆಯಿತು. ಆಮೇಲೆ ಸೆಪ್ಟೆಂಬರಿನ ಆ ನಡುರಾತ್ರಿಯ ಭೂಕಂಪ.

ನಮ್ಮ ಕಡೆ ಅದು ಯಾರ ಮನೆಯನ್ನೂ ಮುಟ್ಟದೆ ಬಿಡಲಿಲ್ಲ. ಬೆಟ್ಟದ ಕಡೆ ಕೊಟ್ಟಿದ್ದ ಯೊ ಅಕ್ಕನ ದೊಡ್ಡಕ್ಕ ಮನೆ ಕುಸಿದು ತೀರಿಕೊಂಡಳು. ಕಾರ್ಖಾನೆಯಲ್ಲಿ ಆ ಹೊತ್ತಿಗೆ ಯಾರೂ ಇರಲಿಲ್ಲ, ಅದೊಂದು ಪುಣ್ಯ. ಆದರೆ ಗೋದಾಮಿನ ಒಂದು ಗೋಡೆ ಪೂರ್ತಿ ಬಿತ್ತು. ಗಾಡಿಗಳೆಲ್ಲ ಮಗುಚಿ ಇಟಲಿ, ಜರ್ಮನಿ, ಅಮೆರಿಕ ಒಂದೇ ರಾಶಿಯಾಗಿ ಬಿದ್ದಿದ್ದವು. ಮೇಲೆಲ್ಲ ಇಟ್ಟಿಗೆಯ ಪುಡಿ, ಹರಿದ ಮುಸುಕುಗಳು.

ಅಕ್ಕನ ಮಣ್ಣು ಮುಗಿಸಿ ಬಂದು ಅವಳು ಇನ್ನೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಅಷ್ಟರಲ್ಲಿ ಯಜಮಾನರು ಹೇಳಿಕಳಿಸಿದರು. ತಮ್ಮ ಮಾಲು ಏನಾಯಿತೋ ಅಂತ ಮೂರೂ ಕಂಪನಿಯವರು ಒಂದೇ ದಿನ ಬರುತ್ತಿದ್ದಾರೆ. ಕರೆಂಟಿಲ್ಲ, ಹತ್ತಿರದ ತೈಚುಂಗ್‌ನ ಹೋಟೆಲುಗಳಿಗೆ ಬಿರುಕು. ಹಾಗಾಗಿ ಮೂವರೂ ಕಾರ್ಖಾನೆಯಲ್ಲೇ ಉಳಿಯಬೇಕು.

“ಒಬ್ಬರ ಕಣ್ಣಿಗೆ ಒಬ್ಬರು ಬೀಳಬಾರದು. ನೀನೇ ನೋಡಿಕೋ, ಯೊ,” ಅಂದರು.

“ಗೋಡೆಯೇ ಇಲ್ಲ ಯಜಮಾನ್ರೇ. ಪರದೆ ಎಲ್ಲಿಗೆ ಕಟ್ಟಲಿ?”

“ಜನರನ್ನೇ ಬೇರೆಬೇರೆ ಇಡೋಣ.”

ಮೂಗಪ್ಪನನ್ನು ಆಫೀಸಿನ ಕೋಣೆಯಲ್ಲಿ, ಜರ್ಮನಿಯ ಗಡ್ಡದವನನ್ನು ಉಪಕರಣದ ಕೊಠಡಿಯಲ್ಲಿ, ಕರೋಲಮ್ಮನನ್ನು ಹಿಂದುಗಡೆ ಯಜಮಾನರ ಮನೆಯಲ್ಲಿ ಇಳಿಸಿದರು. ಅಂಗಳದಲ್ಲಿ ನಾವು ಹೆಂಗಸರು ಸೌದೆ ಒಲೆ ಹೂಡಿ ಎಲ್ಲರಿಗೂ ಅಕ್ಕಿಗಂಜಿ ಬೇಯಿಸುತ್ತಿದ್ದೆವು. ಯೊ ಅಕ್ಕ ಒಂದೊಂದೇ ತಟ್ಟೆ ಹೊತ್ತು ಮೂರು ದಿಕ್ಕಿಗೆ ಓಡಾಡುತ್ತಿದ್ದಳು. ಒಬ್ಬ ಬಚ್ಚಲಿಗೆ ಹೊರಟರೆ ಇನ್ನೊಬ್ಬನ ಬಾಗಿಲಲ್ಲಿ ಅಡ್ಡ ನಿಲ್ಲುತ್ತಿದ್ದಳು. ಅಕ್ಕನಿಗಾಗಿ ತೋಳಿಗೆ ಕಟ್ಟಿದ್ದ ಸೂತಕದ ಬಟ್ಟೆಚೂರು ಇನ್ನೂ ಹಾಗೇ ಇತ್ತು.

ಎರಡನೆಯ ದಿನ ಮಧ್ಯಾಹ್ನ ನೆಲ ಮತ್ತೆ ನಡುಗಿತು. ದೊಡ್ಡದೇನಲ್ಲ, ಆದರೆ ಆ ದಿನಗಳಲ್ಲಿ ಯಾರೂ ಅಳತೆ ನೋಡುತ್ತಾ ನಿಲ್ಲುತ್ತಿರಲಿಲ್ಲ. ಎಲ್ಲರೂ ಅಂಗಳಕ್ಕೆ ಓಡಿದೆವು. ಅವರು ಮೂವರೂ ಓಡಿಬಂದರು. ನಡುಕ ನಿಂತಾಗ ನೋಡಿದರೆ ಗಂಜಿಯ ಕೊಪ್ಪರಿಗೆಯ ಪಕ್ಕ ಮೂಗಪ್ಪ, ಗಡ್ಡದವನು, ಕರೋಲಮ್ಮ ಮೊಳದಂತರದಲ್ಲಿ ನಿಂತಿದ್ದಾರೆ. ಯಜಮಾನರ ಮುಖ ಬಿಳಿಚಿಕೊಂಡಿತು.

ಗಡ್ಡದವನು ಮೂಗಪ್ಪನ ಭುಜ ಹಿಡಿದು ಏನೋ ಅಂದ. ಇಬ್ಬರೂ ಸಣ್ಣಗೆ ನಕ್ಕರು. ಮೂಗಪ್ಪ ಸಿಗರೇಟು ತೆಗೆದು ಅವನಿಗೊಂದು ಕೊಟ್ಟ, ಕೇಳದೆಯೇ ಕರೋಲಮ್ಮನಿಗೂ ಒಂದು ಹಚ್ಚಿಕೊಟ್ಟ. ಮೂವರೂ ಹಳೇ ನೆಂಟರ ಹಾಗೆ ಕೊಪ್ಪರಿಗೆಯ ಸುತ್ತ ಕೂತರು.

ಯಜಮಾನರ ಮಗಳು ಷುಆನ್‌ಗೆ ಇಂಗ್ಲಿಷ್ ಬರುತ್ತಿತ್ತು. ನಾನು ಅವಳನ್ನು ಮೊಣಕೈಯಿಂದ ತಿವಿದೆ. “ಏನಂತಾರೆ?”

“ಗಂಡಸರಿಬ್ಬರೂ ಒಂದೇ ವಿಮಾನದಲ್ಲಿ ಬಂದರಂತೆ,” ಅಂದಳು ಅವಳು ಮೆಲ್ಲಗೆ. “ಅಲ್ಲಿಂದ ಒಂದೇ ಟ್ಯಾಕ್ಸಿ. ಗಡ್ಡದವನು ಮೂಲೆಯಂಗಡಿ ಹತ್ತಿರ ಇಳಿದು, ಚಹಾ ಕುಡಿದು, ಆಮೇಲೆ ನಡಕೊಂಡು ಬಂದನಂತೆ. ಪ್ರತಿ ವರ್ಷ ಹಾಗೇ ಮಾಡೋದಂತೆ.”

ಯೊ ಅಕ್ಕ ಸೌಟು ಹಿಡಿದು ನಿಂತಿದ್ದಳು. ಅವಳಿಗೂ ಕೇಳಿಸಿತು. ಮೂವರಿಗೂ ಗಂಜಿ ಬಡಿಸಿದಳು.

ಉಂಡಾದ ಮೇಲೆ ಮೂಗಪ್ಪ ಎದ್ದು ಬಿದ್ದ ಗೋಡೆಯ ಕಡೆ ಹೋದ. ರಾಶಿ ಹಾಗೇ ತೆರೆದು ಬಿದ್ದಿತ್ತು. ಅವನದರ ಮೇಲೆ ಇವನದು, ಇವನದರ ಒಳಗೆ ಇನ್ನೊಬ್ಬರದು. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಗ್ಗಿ, ನೆಲದಲ್ಲಿದ್ದ ಕೆಂಪು ಮುಸುಕನ್ನು ಎತ್ತಿ, ಧೂಳು ಕೊಡವಿ, ತಾನೇ ರಾಶಿಯ ಮೇಲೆ ಹೊದಿಸಿದ. ಒಂದು ಮೂಲೆ ಸರಿಯಾಗಿ ಬಿದ್ದಿರಲಿಲ್ಲ, ಅದನ್ನೂ ಎಳೆದು ಸರಿಮಾಡಿದ. ತಿರುಗಿದಾಗ ಯೊ ಅಕ್ಕ ನೋಡುತ್ತಿದ್ದದ್ದು ಕಂಡಿತು. ಅವಳಿಗೆ ತಲೆಬಾಗಿಸಿ ವಂದಿಸಿ ಹೊರಟುಹೋದ.

ಆ ಸಂಜೆ ಅವಳು ಯಜಮಾನರನ್ನು ಕೇಳಿದಳು. ನಾನು ಪಾತ್ರೆ ಉಜ್ಜುತ್ತ ಅಲ್ಲೇ ಇದ್ದೆ.

“ಅವರಿಗೆ ಮೊದಲಿಂದ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿತ್ತು ಅಂತ ನಿಮಗೂ ಗೊತ್ತಿತ್ತು.”

ಯಜಮಾನರು ಮುರಿದ ಸ್ಟೂಲಿನ ಮೇಲೆ ಕೂತಿದ್ದರು. ಎಂಟು ದಿನದಲ್ಲಿ ಹತ್ತು ವರ್ಷ ಮುದುಕರಾಗಿದ್ದರು. “ಮೊದಲ ಸಲ ಕೂಗಾಡಿದಾಗಲೇ ಮೂಗಪ್ಪ ಹೇಳಿದ್ದ. ಬೇರೆಯವರದ್ದು ಮಾಡಬೇಡ ಅಂತ ನಾನು ಹೇಳ್ತಾ ಇಲ್ಲ, ತೋರಿಸಬೇಡ ಅಂತ ಹೇಳ್ತಾ ಇದ್ದೀನಿ ಅಂತ.”

“ಹಾಗಾದ್ರೆ ನಾನು ಇಷ್ಟು ವರ್ಷ ಯಾರ ಕಣ್ಣಿಗೆ ಪರದೆ ಎಳೆದೆ?”

“ನೋಡು ಯೊ. ಅವರು ಊರಿಗೆ ಹೋದಾಗ ಜನ ಕೇಳ್ತಾರೆ, ನಿಮ್ಮದನ್ನೂ ಅವರದನ್ನೂ ಒಬ್ಬರೇ ಮಾಡೋದಂತೆ, ಹೌದಾ ಅಂತ. ನಾನಂತೂ ನೋಡಿಲ್ಲಪ್ಪ ಅಂತ ಅವರು ಹೇಳಬೇಕು. ಹೇಳಿದ್ದು ಸುಳ್ಳಾಗಬಾರದು. ಅದಕ್ಕೇ ಪರದೆ ಬೇಕಾಗಿದ್ದು.”

ಅವಳು ತೋಳಿನ ಬಟ್ಟೆಚೂರನ್ನು ಸರಿಮಾಡಿಕೊಂಡಳು. “ನನ್ನ ಅಕ್ಕನ ಏಳನೇ ದಿನದ ಪೂಜೆಗೆ ನಾನು ಹೋಗಲಿಲ್ಲ,” ಅಂದಳು ಆಮೇಲೆ. “ಇವರಿಗೆ ತಟ್ಟೆ ಹೊರ್ತಾ ಇದ್ದೆ.”

ಯಜಮಾನರು ತಲೆ ತಗ್ಗಿಸಿದರು. ಮಾರನೆಯ ದಿನ ಅವಳು ಹರಿದ ಮುಸುಕುಗಳನ್ನು ಒಂದೆಡೆ ಹಾಕಿಕೊಂಡು ತೇಪೆ ಹಚ್ಚಲು ಕೂತಳು. ಗೋಡೆ ಮತ್ತೆ ಎದ್ದಿತು, ಪರದೆಗಳೂ ಮೇಲೇರಿದವು. ಆದರೆ ಅದಕ್ಕೆ ಮುಂಚೆ ಅವಳಿಗೆ ಆ ಕೆಲಸದಲ್ಲಿ ಒಂದು ಗಡಿಬಿಡಿ, ಒಂದು ಹೆದರಿಕೆ ಇರುತ್ತಿತ್ತು. ಈಗ ಅದಿರಲಿಲ್ಲ. ಎಳೆಯುತ್ತಿದ್ದಳು, ಬಿಡುತ್ತಿದ್ದಳು. ಹುಡುಗಿಯರು ಕೆಣಕಿದರೂ ಉತ್ತರ ಕೊಡುತ್ತಿರಲಿಲ್ಲ. ಅವರೂ ಕೆಣಕುವುದು ಬಿಟ್ಟರು.

ಭೂಕಂಪವಾಗಿ ಎರಡು ವರ್ಷವಾಗಿತ್ತೇನೋ, ಬೆಸುಗೆ ವಿಭಾಗ ಚೀನಾಕ್ಕೆ ಹೊರಟಿತು. ಅಲ್ಲಿ ಕೂಲಿ ಅಗ್ಗ, ಕಂಪನಿಯವರೂ ಅದನ್ನೇ ಬಯಸುತ್ತಿದ್ದರು. ಕುನ್‌ಶಾನ್‌ನಲ್ಲಿ ಹೊಸ ಕಾರ್ಖಾನೆ. ಅಲ್ಲಿ ಬೆಸೆದದ್ದು ಉಜ್ಜಲು, ಬಣ್ಣಕ್ಕೆ, ಪ್ಯಾಕಿಂಗ್‌ಗೆ ಇಲ್ಲಿಗೇ ಬರುವುದೆಂದಾಯಿತು. ಅಲ್ಲಿಯ ಹುಡುಗರಿಗೆ ಬೆಸುಗೆ ಕಲಿಸಲು ತೆಕ್‌ನನ್ನು ಕಳಿಸುವುದೆಂದಾಯಿತು. ಇಲ್ಲಿ ಉಳಿಯುತ್ತೇನೆಂದರೆ ಮಾಡಲು ಅವನಿಗೆ ಕೆಲಸವೇ ಇರಲಿಲ್ಲ.

“ಒಂದು ವರ್ಷ, ಜಾಸ್ತಿ ಅಂದರೆ ಎರಡು,” ಅಂದನಂತೆ ಅವನು.

“ಎಲ್ಲರಿಗೂ ಹಾಗೇ ಹೇಳ್ತಾರೆ,” ಅಂದಳಂತೆ ಇವಳು. ಹೇಳಿ, ಪೆಟ್ಟಿಗೆಗೆ ಅವನ ಬನಿಯನ್‌ಗಳನ್ನು ಮಡಚಿಟ್ಟಳು.

ಮೊದಲ ವರ್ಷ ನಾಲ್ಕು ಸಲ ಬಂದ. ಆಮೇಲೆ ಎರಡು ಸಲ. ಆಮೇಲೆ ಹೊಸ ವರ್ಷದ ಹಬ್ಬಕ್ಕೆ ಮಾತ್ರ. ಬರುವಾಗ ಚಹಾ, ಒಣ ಅಣಬೆ, ಅತ್ತೆಗೆ ಶಾಲು. ಫೋನಿನಲ್ಲಿ ದನಿ ತಗ್ಗಿಸಿ ಮಾತಾಡುವುದನ್ನು ಕಲಿತಿದ್ದ. ಕುನ್‌ಶಾನ್‌ಗೆ ಹೋದ ಗಂಡಸರಲ್ಲಿ ಎಷ್ಟೋ ಜನ ಅಲ್ಲೊಂದು ಮನೆ ಮಾಡಿದ್ದರು, ಊರಿಗೆಲ್ಲ ತಿಳಿದ ವಿಷಯ. ತೆಕ್ ಮಾಡಿದ್ದೂ ನಮಗೆಲ್ಲ ಗೊತ್ತಿತ್ತು. ಅತ್ತೆಗೆ ಗೊತ್ತಿತ್ತು. ಹಬ್ಬಕ್ಕೆ ಬಂದವರು ಯೊ ಅಕ್ಕನ ಎದುರು ಹವಾಮಾನದ ಮಾತಾಡುತ್ತಿದ್ದರು. ಅವಳೂ ಹವಾಮಾನದ ಮಾತೇ ಆಡುತ್ತಿದ್ದಳು.

ಹೀಗೆ ಎಷ್ಟೋ ಹಬ್ಬಗಳು ಬಂದು ಹೋದವು. ಯೌರೆನ್ ಸೈನ್ಯದ ಕಡ್ಡಾಯ ಸೇವೆಯಿಂದ ರಜೆಗೆ ಬಂದಿದ್ದ ವರ್ಷ, ಹಬ್ಬದ ಹಿಂದಿನ ದಿನದ ಊಟಕ್ಕೆ ನಾಲ್ವರೂ ಕೂತಿದ್ದರು. ಮೂಲಂಗಿ ಕಡುಬು, ಇಡೀ ಮೀನು, ಸಿಂಪಿಯ ಸಾರು. ಆ ಊಟದಲ್ಲಿ ನಾನಿರಲಿಲ್ಲ, ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ತಾನೇನೂ ಮೊದಲೇ ಯೋಚಿಸಿಟ್ಟುಕೊಂಡಿರಲಿಲ್ಲವಂತೆ. ತೆಕ್‌ನ ಜೇಬಿನಲ್ಲಿ ಫೋನು ಗುಂಯ್ ಅಂದಿತು. ಅವನು ತೆಗೆದು ನೋಡಿ ಮತ್ತೆ ಜೇಬಿಗಿಟ್ಟ. ಅವಳು ಮೀನಿನ ತುಂಡನ್ನು ಅವನ ಬಟ್ಟಲಿಗೆ ಹಾಕುತ್ತ ಕೇಳಿದಳು:

“ಅವಳ ಹೆಸರೇನು?”

ತೆಕ್‌ನ ಕೈಯಲ್ಲಿದ್ದ ಊಟದ ಕಡ್ಡಿಗಳು ಅಲ್ಲೇ ನಿಂತವು.

“ಹಬ್ಬದ ದಿನ ಅದೆಲ್ಲ ಯಾಕೆ ಈಗ,” ಅಂದಳು ಅತ್ತೆ.

“ಅಮ್ಮಾ, ನಿಮಗೂ ಗೊತ್ತು.” ಅತ್ತೆ ಮೀನು ನೋಡತೊಡಗಿದಳು. “ನಂಗೂ ಗೊತ್ತು. ಇವನಿಗೂ ಗೊತ್ತು,” ಅಂದಳು ಮಗನನ್ನು ತೋರಿಸಿ. ಯೌರೆನ್ ತಲೆಯೆತ್ತಲಿಲ್ಲ. “ಮೂರು ವರ್ಷದಿಂದ ಎಲ್ಲರೂ ಸೇರಿ ಮುಚ್ಚಿಡ್ತಾ ಇದೀವಿ. ನಂಗೆ ಸುಸ್ತಾಗಿದೆ. ಹೆಸರು ಹೇಳು.”

“ಷ್ಯಾವ್‌ಫಂಗ್,” ಅಂದ ತೆಕ್.

“ಮಕ್ಕಳು?”

“ಒಂದು ಹುಡುಗಿ. ಎರಡು ತುಂಬಿದೆ.”

“ಯಾವ ಊರಿನವಳು?”

“ಸಿಚುವಾನ್ ಕಡೆಯವಳು. ಪ್ಯಾಕಿಂಗ್‌ನಲ್ಲಿದ್ದಳು.”

ಪ್ಯಾಕಿಂಗ್ ಅಂತ ಕೇಳಿ ತನಗೆ ನಗು ಬಂತು ಅಂತ ಅವಳು ನನಗೆ ಹೇಳಿದಳು. ಯಾಕೆ ಬಂತೋ ಗೊತ್ತಿಲ್ಲವಂತೆ. ಅತ್ತೆ ಅಳತೊಡಗಿದಳು. ಯೌರೆನ್ ಎದ್ದು ಹೊರಗೆ ಹೋಗಿ ಬೀದಿಯಲ್ಲಿ ನಿಂತ. ತೆಕ್ ಬಟ್ಟಲು ಹಿಡಿದೇ ಇದ್ದ.

“ಉಣ್ಣು,” ಅಂದಳು ಅವಳು. “ಉಂಡು, ಹಬ್ಬ ಮುಗಿಸಿಕೊಂಡು ಹೋಗು. ಮತ್ತೆ ನಾನಾಗಿ ಕರೆಯೋವರೆಗೂ ಬರಬೇಡ. ನಿಮ್ಮಮ್ಮನ್ನ ನಾನು ನೋಡಿಕೊಳ್ತೀನಿ.”

ಅವನು ಹೋದ. ಅತ್ತೆಯನ್ನು ಅವಳು ಕೊನೆಯವರೆಗೂ ನೋಡಿಕೊಂಡಳು, ಅದು ಇನ್ನೂ ಐದು ವರ್ಷದ ಮಾತು. ಅತ್ತೆಯ ಮಣ್ಣಿಗೆ ತೆಕ್ ಬಂದ. ಮುಂದೆ ನಿಂತು ಊದುಕಡ್ಡಿ ಹಿಡಿದ, ಸಂಜೆಯ ವಿಮಾನಕ್ಕೆ ವಾಪಸು ಹೋದ.

ಆ ಊಟದ ವರ್ಷ, ಹಬ್ಬದ ರಜೆ ಮುಗಿದು ಕಾರ್ಖಾನೆ ತೆರೆದ ದಿನವೇ ಅವಳು ಯಜಮಾನರ ಕೋಣೆಗೆ ಹೋದಳು.

“ನನ್ನನ್ನ ಪ್ಯಾಕಿಂಗ್‌ಗೆ ಹಾಕಿ. ಪರದೆ ಇನ್ನು ನನ್ನ ಕೈಲಾಗಲ್ಲ.”

“ಬೆನ್ನು ನೋವಾ? ಸಹಾಯಕ್ಕೆ ಯಾರನ್ನಾದರೂ ಕೊಡ್ತೀನಿ.”

“ಬೆನ್ನು ಸರಿಯಾಗೇ ಇದೆ. ಸುಸ್ತು.”

ಯಜಮಾನರು ಅವಳ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ವಿಯೆಟ್ನಾಮಿನಿಂದ ಮದುವೆಯಾಗಿ ಬಂದಿದ್ದ ಹ್ವೆ ಎಂಬ ಹುಡುಗಿಗೆ ಆ ಕೆಲಸ ಹೋಯಿತು. ಹ್ವೆಗೆ ಮನೆಯಲ್ಲಿ ಕೈಕೂಸು, ಕಣ್ಣಲ್ಲಿ ಯಾವಾಗಲೂ ನಿದ್ದೆ. ಆ ವರ್ಷದ ಮೇಳದ ವಾರದಲ್ಲಿ ಜರ್ಮನಿಯಿಂದ ಗಡ್ಡದವನ ಬದಲು ಒಬ್ಬ ಎಳೆಯ ಹುಡುಗ ಬಂದ. ಹ್ವೆ ಪರದೆ ಎಳೆಯುವುದನ್ನು ಮರೆತಿದ್ದಳು. ಇಟಲಿಯ ಗಾಡಿಗಳು, ಅಮೆರಿಕದ ಗಾಡಿಗಳು ಸಾಲಾಗಿ ತೆರೆದು ನಿಂತಿದ್ದವು. ನಾವೆಲ್ಲ ಉಸಿರು ಹಿಡಿದೆವು. ಹುಡುಗ ಕೈಯಲ್ಲಿದ್ದ ಫೋನು ನೋಡುತ್ತ, ಗಾಡಿಗಳ ಮಧ್ಯದಿಂದಲೇ ಹಾದು, ಒಂದು ಫ್ರೇಮಿನ ತುದಿ ಭುಜಕ್ಕೆ ತಾಗಿದ್ದನ್ನು ಸರಿಸಿ ಒಳಗೆ ಹೋದ. ಬಯ್ಯಲಿಲ್ಲ, ಕೇಳಲಿಲ್ಲ. ಮಾಲಿನ ಬೇಡಿಕೆ ಎಂದಿನಂತೆ ಬಂತು.

ಹ್ವೆ ಅಳುತ್ತ ಪ್ಯಾಕಿಂಗ್‌ಗೆ ಓಡಿಬಂದಳು. “ಅಕ್ಕಾ, ಮರೆತುಬಿಟ್ಟೆ. ಈಗ ಏನಾಗುತ್ತೆ?”

“ಏನೂ ಆಗಲ್ಲ,” ಅಂದಳು ಯೊ ಅಕ್ಕ, ರಟ್ಟಿನ ಪೆಟ್ಟಿಗೆಗೆ ಅಂಟುಪಟ್ಟಿ ಹಚ್ಚುತ್ತ. “ಮುಖ ತೊಳಕೊಂಡು ಹೋಗಿ ಮಗುಗೆ ಹಾಲು ಕುಡಿಸು.”

ಅವಳು ಕೆಲಸ ಬಿಟ್ಟು ಈಗ ಬಹಳ ಕಾಲವಾಯಿತು. ಕಾರ್ಖಾನೆ ಅರ್ಧಕ್ಕರ್ಧ ಖಾಲಿ, ನಾನೂ ಬಿಟ್ಟೆ. ಯೌರೆನ್ ಶಿಂಚುವಿನಲ್ಲಿ ಲಾರಿ ಕಂಪನಿಯಲ್ಲಿದ್ದಾನೆ, ತಿಂಗಳಿಗೊಮ್ಮೆ ಬಂದು ಹೋಗುತ್ತಾನೆ. ಯೊ ಅಕ್ಕ ದಾಜ್ಯಾದ ಮಿಠಾಯಿ ಅಂಗಡಿಯೊಂದಕ್ಕೆ ಕೆಸುವಿನ ಗೆಡ್ಡೆ ಸುಲಿದುಕೊಡುತ್ತಾಳೆ. ಮನೆಯ ಮುಂದೆ ಸಣ್ಣ ಮಣೆ ಹಾಕಿಕೊಂಡು, ಕೈಗೆ ರಬ್ಬರಿನ ಕವಚ ತೊಟ್ಟು, ಬುಟ್ಟಿಗಟ್ಟಲೆ ಸುಲಿಯುತ್ತಾಳೆ. ಕವಚ ಇದ್ದರೂ ಕೈ ತುರಿಸುತ್ತದೆ ಅಂತ ಗೊಣಗುತ್ತಾಳೆ.

ನಾಲ್ಕು ವರ್ಷದ ಹಿಂದೆ ಕುನ್‌ಶಾನ್‌ನಿಂದ ಫೋನು ಬಂತು. ತೆಕ್ ಅಲ್ಲ, ಷ್ಯಾವ್‌ಫಂಗ್. ಅಲ್ಲಿಯ ಕಾರ್ಖಾನೆಯೂ ಈಗ ಮುಚ್ಚಿದೆ, ಕೆಲಸ ಕಾಂಬೋಡಿಯಾಕ್ಕೆ ಹೋಯಿತು. ತೆಕ್‌ನ ಶ್ವಾಸಕೋಶ ಕೆಟ್ಟಿದೆ, ಬೆಸುಗೆಯ ಹೊಗೆ ಕುಡಿದು ಕುಡಿದು. ಅಲ್ಲಿ ಚಿಕಿತ್ಸೆ ಕೊಡಿಸಲು ತನ್ನಿಂದ ಆಗುತ್ತಿಲ್ಲ. ನಮ್ಮ ದ್ವೀಪದಲ್ಲಾದರೆ ಅವನಿಗೆ ಸರ್ಕಾರದ ವಿಮೆ ಇದೆ.

“ಹೇಗೆ ಕೇಳಲಿ ಅಂತ ಗೊತ್ತಾಗ್ತಿಲ್ಲ,” ಅಂದಳಂತೆ.

“ಕೇಳಿ ಆಯ್ತಲ್ಲ,” ಅಂದಳಂತೆ ಯೊ ಅಕ್ಕ.

ಒಂದು ವಾರ ಅವಳು ಆ ವಿಷಯ ಎತ್ತಲಿಲ್ಲ. ನಾನು ಕೇಳಿದರೆ ಗೆಡ್ಡೆಯ ಮಾತಾಡುತ್ತಿದ್ದಳು. ಆಮೇಲೆ ಒಂದು ಮಧ್ಯಾಹ್ನ ಅತ್ತೆಯಿದ್ದ ಹಿಂದಿನ ಕೋಣೆಯನ್ನು ಗುಡಿಸಿ, ಮಂಚ ಒರೆಸುತ್ತಿದ್ದದ್ದು ಕಂಡಿತು.

“ಕರೆಸ್ತೀಯಾ?” ಅಂದೆ.

“ಮತ್ತೆ ಏನು ಮಾಡಲಿ? ಆ ಷ್ಯಾವ್‌ಫಂಗ್ ಒಬ್ಬಳೇ ಎಷ್ಟು ಅಂತ ಎತ್ತಿಳಿಸ್ತಾಳೆ.”

“ಕ್ಷಮಿಸಿಬಿಟ್ಟೆಯಾ ಅಂತ ಕೇಳಿದ್ದು.”

“ಅದೆಲ್ಲ ಗೊತ್ತಿಲ್ಲ ಕಣೇ. ಕ್ಷಮಿಸೋಕೂ ಶಕ್ತಿ ಬೇಕು, ಕೋಪ ಮಾಡ್ಕೊಳ್ಳೋಕೂ ಶಕ್ತಿ ಬೇಕು. ಆ ಕಡೆ ಹಿಡಿ, ಮಂಚ ಕಿಟಕಿ ಹತ್ರ ಎಳೆಯೋಣ. ಗಾಳಿ ಬರಲಿ.”

ತೆಕ್ ಬಂದ. ತೂಕವೇ ಇಲ್ಲದ ಮನುಷ್ಯ, ಮೂಗಿಗೆ ಕೊಳವೆ. ಈಗ ಹಿಂದಿನ ಕೋಣೆಯಲ್ಲಿ ರೇಡಿಯೊ ಕೇಳುತ್ತ ಮಲಗಿರುತ್ತಾನೆ. ಯೊ ಅಕ್ಕ ಅವನಿಗೆ ಹೊತ್ತುಹೊತ್ತಿಗೆ ಗಂಜಿ ಕೊಡುತ್ತಾಳೆ, ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಅವರಿಬ್ಬರ ನಡುವೆ ಹೆಚ್ಚು ಮಾತಿಲ್ಲ. ಒಮ್ಮೊಮ್ಮೆ ಅವನು ಹಳೆಯದೇನೋ ನೆನಪಿಸಿಕೊಂಡು ಹೇಳತೊಡಗಿದರೆ ಅವಳು ಬಾಗಿಲಲ್ಲಿ ನಿಂತು ಪೂರ್ತಿ ಕೇಳುತ್ತಾಳೆ, ಆಮೇಲೆ ಬಂದು ಗೆಡ್ಡೆ ಸುಲಿಯುತ್ತಾಳೆ.

ಷ್ಯಾವ್‌ಫಂಗ್ ಭಾನುವಾರ ಭಾನುವಾರ ಫೋನು ಮಾಡುತ್ತಾಳೆ. ಮೊದಲು ತೆಕ್‌ನ ಹತ್ತಿರ ಮಾತಾಡುತ್ತಿದ್ದಳು. ಅವನಿಗೆ ಮಾತಾಡಿದರೆ ಕೆಮ್ಮು ಬರುವುದರಿಂದ ಈಗ ಹೆಚ್ಚಾಗಿ ಇವಳ ಹತ್ತಿರವೇ. ಅವನು ಉಂಡನೇ, ನಿದ್ದೆ ಮಾಡಿದನೇ, ಅಲ್ಲಿದ್ದಾಗ ಉಪ್ಪು ಜಾಸ್ತಿ ಕೇಳುತ್ತಿದ್ದ, ಇಲ್ಲೂ ಹಾಗೆಯೇ. ಅವಳ ಮಗಳು ದಾದಿಯ ಓದು ಓದುತ್ತಿದ್ದಾಳಂತೆ.

ಕಳೆದ ಭಾನುವಾರ ನಾನು ಅಲ್ಲೇ ಇದ್ದೆ. ಫೋನು ಹೊಡೆದುಕೊಂಡಿತು.

“ನೀನೇ ಎತ್ತೇ,” ಅಂದಳು ಯೊ ಅಕ್ಕ. “ನನ್ನ ಕೈಯೆಲ್ಲ ಕೆಸು.”

ನಾನು ಎತ್ತಿದೆ. ಆ ಕಡೆಯಿಂದ ಒಂದು ದಣಿದ, ಮೆತ್ತಗಿನ ದನಿ. ಯಾರು ಎತ್ತಿದ್ದು ಅಂತ ಅವಳು ಕೇಳಲಿಲ್ಲ.

“ಅಕ್ಕಾ, ಮಂಡಿ ನೋವು ಹೇಗಿದೆ? ಕಳಿಸಿದ ಮುಲಾಮು ಸಿಕ್ಕಿತಾ?”

ನಾನು ಯೊ ಅಕ್ಕನ ಕಡೆ ತಿರುಗಿದೆ. “ಮಂಡಿ ಹೇಗಿದೆ ಅಂತ ಕೇಳ್ತಾಳೆ.”

“ಹಾಗೇ ಇದೆ ಅನ್ನು,” ಅಂದಳು ಅವಳು. ಕೈಯಲ್ಲಿದ್ದ ಗೆಡ್ಡೆಯನ್ನು ನೀರಿಗೆ ಹಾಕಿದಳು. “ಫೋನು ಇಡಬೇಡ. ಕೈ ತೊಳಕೊಂಡು ಬರ್ತೀನಿ.”